ಹರಿವಾಣದಲ್ಲಿ ಬಂದ ಕಾರ್ಡು

ಮೋಕ್ಷಿತಾ ತನ್ನ ಕಂಪ್ಯೂಟರಿನ ಒಂದು ಬದಿಯ ತಗಡನ್ನು ಬಿಚ್ಚಿಟ್ಟು ವರ್ಷಗಳೇ ಕಳೆದಿದ್ದವು. ಅದನ್ನು ಪುನಃ ಮುಚ್ಚು ಎಂದು ತಾಯಿ ಪರಮೇಶ್ವರಿ ಹೇಳದ ದಿನವಿಲ್ಲ. ಮನೆಗೆ ಬಂದ ನೆಂಟರು ಒಳಗಿನ ವಯರು, ತಿರುಗುವ ಫ್ಯಾನು ಎಲ್ಲವನ್ನೂ ಕಂಡು ಏನೆಂದುಕೊಂಡಾರು ಎಂಬುದು ಅವರ ಚಿಂತೆ. ಹೊಟ್ಟೆ ಬಗೆದ ಯಂತ್ರವನ್ನು ಮುಂದಿಟ್ಟುಕೊಂಡು ಸ್ಕ್ರೂಡ್ರೈವರ್ ಹಿಡಿದು ಕೂರುವ ಹುಡುಗಿಯನ್ನು ಯಾರು ಕಟ್ಟಿಕೊಂಡಾರು ಎಂದು ಒಮ್ಮೊಮ್ಮೆ ನೇರವಾಗಿಯೇ ಕೇಳಿಬಿಡುತ್ತಿದ್ದರು. ಮುಚ್ಚಿದರೆ ಬಿಸಿಯಾಗುತ್ತದೆ ಎಂದು ಮೋಕ್ಷಿತಾ ಉತ್ತರ ಕೊಡುತ್ತಿದ್ದಳು. ಅದು ಅರ್ಧ ಸತ್ಯ. ಒಳಗೆ ಏನು ನಡೆಯುತ್ತಿದೆಯೆಂದು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಅವಳಿಗೆ ಸಮಾಧಾನ ಎಂಬುದು ಇನ್ನರ್ಧ.

ಗಡಿನಾಡಿನ ಪುತ್ತಿಗೆಯ ಆ ಮನೆಯಲ್ಲಿ ಆಡುವುದು ತುಳು, ಮಗಳು ಕಲಿತದ್ದು ಕನ್ನಡ ಶಾಲೆಯಲ್ಲಿ, ಪಂಚಾಯತಿನಿಂದ ಬರುವ ಕಾಗದ ಮಲಯಾಳದಲ್ಲಿ. ಅಪ್ಪ ಕುಂಞಣ್ಣ ಸೀತಾಂಗೋಳಿಯಲ್ಲಿ ಗೂಡ್ಸ್ ಟೆಂಪೋ ಓಡಿಸುವವರು. ಮಾತು ಕಡಿಮೆ, ಸಿಟ್ಟು ಅದಕ್ಕಿಂತ ಕಡಿಮೆ. ಮೋಕ್ಷಿತಾ ಮೊದಲು ಅಲ್ಲೇ ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಂಪನಿಯಲ್ಲಿ ಬಿಲ್ಲು ಹೊಡೆಯುವ ಕೆಲಸಕ್ಕಿದ್ದಳು. ಆ ಕಂಪನಿ ಮುಚ್ಚಿದ ಮೇಲೆ ಮನೆಯಲ್ಲೇ ಕುಳಿತು ಮದುವೆ ಕಾಗದ, ದೈವದ ನೇಮದ ಆಮಂತ್ರಣ, ಕ್ಲಬ್ಬುಗಳ ವಾರ್ಷಿಕೋತ್ಸವದ ಪೋಸ್ಟರು, ಗೃಹಪ್ರವೇಶದ ವಿಡಿಯೋ ಎಂದು ಒಂದೊಂದೇ ಕೆಲಸ ಹಿಡಿದಳು. ಕಂಪ್ಯೂಟರನ್ನೂ ಹಾಗೆಯೇ ಒಂದೊಂದೇ ಸಾಮಾನು ತಂದು ತಾನೇ ಜೋಡಿಸಿದಳು. ಕೇಳಲು ಯಾರೂ ಇರಲಿಲ್ಲ. ಯೂಟ್ಯೂಬಿನಲ್ಲಿ ಹೇಳಿಕೊಡುವವರೆಲ್ಲ ಮಲಯಾಳದಲ್ಲೋ ಹಿಂದಿಯಲ್ಲೋ ಹೇಳುತ್ತಿದ್ದರು. ಕನ್ನಡದಲ್ಲಿ ಹೇಳುವ ಒಬ್ಬಿಬ್ಬರು ಯಾರು ಸಾಮಾನು ಕಳಿಸಿದರೂ 'ಸೂಪರ್' ಎನ್ನುವವರು.

ಅದಕ್ಕೇ ಅವಳು ತಾನೇ ಶುರುಮಾಡಿದಳು. ಚಾನೆಲ್ಲಿಗೆ 'ಪೆಟ್ಟಿಗೆಯೊಳಗೆ' ಎಂದು ಹೆಸರು. ಮುಖ ತೋರಿಸುತ್ತಿರಲಿಲ್ಲ, ಕೈ ಮಾತ್ರ. ಒಂದು ಸಾಮಾನನ್ನು ಹಿಡಿದು, ತಿರುಗಿಸಿ, ಬಿಚ್ಚಿ, ಇದು ಒಳ್ಳೆಯದು, ಇದು ದಂಡ, ಇದಕ್ಕೆ ಯಾರಾದರೂ ಹಣ ಕೊಟ್ಟರೆ ಅವರ ತಲೆ ಸರಿಯಿಲ್ಲ ಎಂದು ನಮ್ಮ ಊರಿನ ಕನ್ನಡದಲ್ಲೇ ಹೇಳುತ್ತಿದ್ದಳು. ನೋಡುವವರು ಹೆಚ್ಚೇನೂ ಇರಲಿಲ್ಲ. ಆದರೆ ನೋಡಿದವರು ನಂಬುತ್ತಿದ್ದರು. ಪೆರ್ಲದ ನಮಿತಾ ಎಂಬವಳೊಬ್ಬಳು ಪ್ರತಿ ವಿಡಿಯೋದ ಕೆಳಗೂ ಬರೆಯುತ್ತಿದ್ದಳು. ಮದುವೆ ಆಲ್ಬಂ ಮಾಡಿಕೊಡುವ ಕೆಲಸವಂತೆ ಅವಳದು. ಮೋಕ್ಷಿತಾ ಹೇಳಿದ ಸಾಮಾನುಗಳನ್ನೇ ಹುಡುಕಿ ತರಿಸಿ, ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ, ತನ್ನ ಕಂಪ್ಯೂಟರನ್ನು ತಾನೇ ಕಟ್ಟಿದ್ದಳು. ಒಬ್ಬರನ್ನೊಬ್ಬರು ಮುಖತಃ ನೋಡಿರಲಿಲ್ಲ.

ಇದೆಲ್ಲ ಮನೆಯವರಿಗೆ ಗೊತ್ತಿತ್ತು, ಆದರೆ ಲೆಕ್ಕಕ್ಕೆ ಇರಲಿಲ್ಲ. ಲೆಕ್ಕಕ್ಕೆ ಇದ್ದದ್ದು ಅವಳ ಪ್ರಾಯ. ಮೂವತ್ತೆರಡು ದಾಟಿತ್ತು. ನೋಡಲು ಬಂದವರಲ್ಲಿ ಒಬ್ಬನಿಗೆ ಜಾತಕ ಕೂಡಲಿಲ್ಲ, ಒಬ್ಬನಿಗೆ ಹುಡುಗಿ ಮಾತಾಡುವುದು ಹೆಚ್ಚಾಯಿತು, ಇನ್ನೊಬ್ಬನ ತಾಯಿ ಆ ಬಿಚ್ಚಿಟ್ಟ ಯಂತ್ರವನ್ನು ಕಂಡು ಚಹಾ ಪೂರ್ತಿ ಕುಡಿಯದೆ ಎದ್ದುಹೋದರು. ಮೋಕ್ಷಿತಾ ಹೊರಗೆ ನಗುತ್ತಿದ್ದಳು. ಒಳಗೆ ಅವಳಿಗೂ ಆಸೆ ಇತ್ತು. ಸಂಜೆ ಕೆಲಸ ಮುಗಿದ ಮೇಲೆ ಎದುರು ಕುಳಿತು ಮಾತಾಡಲು ಒಬ್ಬ ಬೇಕು ಎಂಬ ಆಸೆಯನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ಅಷ್ಟೆ.

ಪ್ರವೀತ್ ಬಂದದ್ದು ಆಗ. ಶಾರ್ಜಾದಲ್ಲಿ ಕೆಲವು ವರ್ಷ ಇದ್ದು ಬಂದು ಕುಂಬಳೆ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು. ಹೆಣ್ಣು ನೋಡಲು ಬಂದ ದಿನ ಚಹಾ ಲೋಟ ಹಿಡಿದುಕೊಂಡೇ ಅವಳ ಕೋಣೆಯ ಬಾಗಿಲಿಗೆ ಬಂದ, ಬಗ್ಗಿ ಪೆಟ್ಟಿಗೆಯೊಳಗೆ ನೋಡಿದ, ವಯರಿನ ಕೆಲಸ ಚಂದ ಉಂಟು ಎಂದ. ಅಷ್ಟೇ ಹೇಳಿದ್ದು. ಮೋಕ್ಷಿತಾಳಿಗೆ ಅಷ್ಟು ಸಾಕಾಯಿತು. ಮೂಗುತಿ ಚಂದ ಉಂಟು, ಸೀರೆ ಚಂದ ಉಂಟು ಎಂದವರು ಇದ್ದರು. ಅವಳು ಬೆರಳು ನೋಯಿಸಿಕೊಂಡು ಎಳೆದು ಕಟ್ಟಿದ ವಯರುಗಳನ್ನು ನೋಡಿ ಚಂದ ಎಂದವರು ಯಾರಿದ್ದರು? ಆ ಗಳಿಗೆಯಲ್ಲೇ ಅವಳು ಅವನಿಗೆ ಮನಸ್ಸು ಕೊಟ್ಟುಬಿಟ್ಟಳು. ವಿಡಿಯೋ ಮಾಡುತ್ತೇನೆ ಎಂದೂ ಹೇಳಿದಳು. ಒಳ್ಳೆಯದಾಯಿತು ಎಂದ. ಯಾವ ವಿಡಿಯೋ ಎಂದು ಕೇಳಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಬಹಳ ತಡವಾಗಿ.

ನಿಶ್ಚಯದ ದಿನ ಗಂಡಿನ ಕಡೆಯವರು ಎರಡು ಜೀಪು ತುಂಬ ಬಂದರು. ನಮ್ಮಲ್ಲಿ ಹುಡುಗಿಗೆಂದು ತಂದದ್ದನ್ನು ಹರಿವಾಣದಲ್ಲಿಟ್ಟು ಎಲ್ಲರಿಗೂ ತೋರಿಸಿಯೇ ಕೊಡುವ ಕ್ರಮ. ಸೀರೆ, ಬಳೆ, ಮಲ್ಲಿಗೆ ಚೆಂಡು, ವೀಳ್ಯ, ಹಣ್ಣು. ಇವೆಲ್ಲದರ ನಡುವೆ ದೇವರ ಹಾಗೆ ಕುಳಿತದ್ದು ಒಂದು ರಟ್ಟಿನ ಪೆಟ್ಟಿಗೆ. ಅದರ ಮೇಲೆ ಗಂಧ, ಕುಂಕುಮ. ಪ್ರವೀತನ ಸೋದರಮಾವ ಹೊನ್ನಯ್ಯ, ಅವರ ತರವಾಡು ಮನೆತನದ ಹಿರಿಯ ಗುರಿಕಾರರು, ಗಂಟಲು ಸರಿಮಾಡಿಕೊಂಡು ಇದು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು, ಹೊಚ್ಚ ಹೊಸತು, ಹುಡುಗನೇ ಆರಿಸಿ ಇಟ್ಟದ್ದು ಎಂದು ಸಭೆಗೆ ತಿಳಿಸಿದರು. ಪೆಟ್ಟಿಗೆ ಕೈಯಿಂದ ಕೈಗೆ ಹೋಯಿತು. ಒಬ್ಬ ಅಜ್ಜಿ ಅದನ್ನು ಕಣ್ಣಿಗೆ ಒತ್ತಿಕೊಂಡು ಮುಂದೆ ಕೊಟ್ಟರು. ಎಲ್ಲರೂ ಫೋಟೋ ತೆಗೆದರು. ಚಿತ್ರ, ವಿಡಿಯೋ ಕೆಲಸಕ್ಕೆ ಅಂಥದ್ದೊಂದು ಕಾರ್ಡು ಬೇಕೆಂದು ಮೋಕ್ಷಿತಾ ಒಮ್ಮೆ ಫೋನಿನಲ್ಲಿ ಅವನಿಗೆ ಹೇಳಿದ್ದು ನಿಜ. ಅದನ್ನು ಅವನು ನೆನಪಿಟ್ಟು ತಂದಿದ್ದ. ಅವಳ ಕಣ್ಣು ತುಂಬಿ ಬಂತು, ಪರಮೇಶ್ವರಿ ಮಗಳ ಕಣ್ಣು ತುಂಬಿದ್ದನ್ನು ಕಂಡು ತಾವೂ ಅತ್ತರು.

ಮರುದಿನವೇ ಕಾರ್ಡನ್ನು ಹಾಕಿದಳು. ಸಣ್ಣಪುಟ್ಟ ಕೆಲಸಕ್ಕೆ ಅಡ್ಡಿಯಿರಲಿಲ್ಲ. ವಿಡಿಯೋ ಕೆಲಸಕ್ಕೆ ಕೂತರೆ ಸ್ವಲ್ಪ ಹೊತ್ತಿಗೆ ಫ್ಯಾನು ಕರಕರ ಎಂದು, ಪರದೆ ಕಪ್ಪಾಗಿ, ಎಲ್ಲವೂ ನಿಂತುಹೋಗುತ್ತಿತ್ತು. ತನ್ನದೇ ಏನೋ ಹೆಚ್ಚುಕಮ್ಮಿ ಎಂದುಕೊಂಡು ಉಳಿದೆಲ್ಲವನ್ನೂ ತಪಾಸಣೆ ಮಾಡಿದಳು. ಎಲ್ಲವೂ ಸರಿಯಿತ್ತು. ಕೊನೆಗೆ ಕಾರ್ಡನ್ನು ತೆಗೆದು ಬೆಳಕಿಗೆ ಹಿಡಿದಳು. ಸ್ಕ್ರೂಗಳ ತಲೆ ಸವೆದಿತ್ತು. ಹೊಸ ಸಾಮಾನಿನ ಸ್ಕ್ರೂ ಸವೆಯುವುದಿಲ್ಲ. ಬಿಚ್ಚಿದರೆ ಒಳಗೆ ಬಿಸಿ ಹೀರುವ ಮೆತ್ತೆಗಳಿಂದ ಎಣ್ಣೆ ಒಸರಿ ಹರಡಿತ್ತು, ಹಸಿರು ಹಲಗೆಯ ಒಂದು ಮೂಲೆ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಪೆಟ್ಟಿಗೆಯ ಮೇಲಿನ ನಂಬರು ಒಂದು, ಕಾರ್ಡಿನ ಮೈಮೇಲಿನ ನಂಬರು ಇನ್ನೊಂದು. ಬಿಟ್‌ಕಾಯಿನ್ ಥರದ ಡಿಜಿಟಲ್ ನಾಣ್ಯ ತೋಡುವ ಶೆಡ್ಡುಗಳಲ್ಲಿ ಹಗಲೂ ರಾತ್ರಿ ಓಡಿಸಿ, ಜೀವ ಹಿಂಡಿ, ಕೊನೆಗೆ ತೊಳೆದು ಮಾರಿಬಿಡುವ ಕಾರ್ಡುಗಳ ಬಗ್ಗೆ ಅವಳು ಓದಿದ್ದಳು. ಇದು ಅಂಥದ್ದು.

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಕನಿಕರ. ಪಾಪ, ಯಾರೋ ಪ್ರವೀತನಿಗೆ ಟೋಪಿ ಹಾಕಿದ್ದಾರೆ ಎಂದುಕೊಂಡಳು. ಅಷ್ಟು ಪ್ರೀತಿಯಿಂದ ತಂದದ್ದು ಹಾಳು ಎಂದು ಮುಖಕ್ಕೆ ಹೇಳಿದರೆ ಅವನಿಗೆ ಎಷ್ಟು ನಾಚಿಕೆಯಾದೀತು! ಹೇಳದಿದ್ದರೆ ಅವನ ಅಂಗಡಿಯಲ್ಲಿ ಅಂಥದ್ದೇ ಇನ್ನೆಷ್ಟು ಇವೆಯೋ, ಗಿರಾಕಿಗಳ ಕೈಯಲ್ಲಿ ಮಾತು ಕೇಳಬೇಕಾದೀತು. ಬಹಳ ಯೋಚಿಸಿ ಅವಳು ಒಂದು ಉಪಾಯ ಮಾಡಿದಳು. ತನ್ನ ಮನೆಯ ಕಂಪ್ಯೂಟರಿನ ಒಂದೊಂದೇ ಭಾಗವನ್ನು ತೋರಿಸುವ ಒಂದು ವಿಡಿಯೋ. ಎಲ್ಲದರ ಜೊತೆಗೆ ಕಾರ್ಡಿನ ಬಗ್ಗೆಯೂ ನಾಲ್ಕು ಮಾತು. ಕೊಟ್ಟವರ ಹೆಸರು ಹೇಳುವುದು ಬೇಡ. ಅವನು ನೋಡಿದರೆ ಅವನಿಗೆ ಮಾತ್ರ ಅರ್ಥವಾಗುತ್ತದೆ. ಬುದ್ಧಿವಂತೆ ಎನಿಸಿಕೊಂಡ ಹುಡುಗಿ ಮಾಡಿದ ದಡ್ಡತನ ಇದು.

ವಿಡಿಯೋ ಮಾತ್ರ ಅವಳು ಮಾಡಿದವುಗಳಲ್ಲೇ ಒಳ್ಳೆಯದಾಗಿತ್ತು. ಕ್ಯಾಬಿನೆಟ್ಟಿನಿಂದ ಶುರುಮಾಡಿದಳು: ತಗಡು ತೆಳು, ಅಂಚು ಬೆರಳು ಕೊಯ್ಯುತ್ತದೆ, ಆದರೆ ಗಾಳಿ ಚೆನ್ನಾಗಿ ಆಡುತ್ತದೆ, ಒಮ್ಮೆ ಹಲ್ಲಿ ಮೊಟ್ಟೆಯಿಟ್ಟಿತ್ತು, ಆಮೇಲೆ ಬಲೆ ಹಾಕಿದ್ದೇನೆ. ಮದರ್‌ಬೋರ್ಡು ಹಳೆಯ ತಳಿ, ದುಡಿಯುತ್ತದೆ, ಗೊಣಗುವುದಿಲ್ಲ. ಪ್ರೊಸೆಸರು ಇದ್ದಷ್ಟಕ್ಕೆ ತೃಪ್ತಿ. ರ‍್ಯಾಮಿನ ಒಂದು ಕಡ್ಡಿ ಒಂದು ಕಂಪನಿಯದು, ಇನ್ನೊಂದು ಇನ್ನೊಂದರದ್ದು, ಎರಡೂ ಜಗಳವಿಲ್ಲದೆ ಸಂಸಾರ ಮಾಡುತ್ತಿವೆ. ಎಸ್ಎಸ್‌ಡಿ ಬಂದ ಮೇಲೆ ಕಂಪ್ಯೂಟರ್ ಶುರುವಾಗುವ ಹೊತ್ತಿಗೆ ಚಹಾ ಮಾಡಿ ಬರುವ ಅಭ್ಯಾಸ ತಪ್ಪಿತು. ಎಲ್ಲಕ್ಕಿಂತ ಹೆಚ್ಚು ಹೊಗಳಿದ್ದು ಕರೆಂಟು ಹಂಚುವ ಎಸ್‌ಎಂಪಿಎಸ್ ಅನ್ನು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಗೆಂದು ಗೊತ್ತಲ್ಲ, ಬಂದರೆ ಬಲ್ಬು ಒಡೆಯುವಷ್ಟು, ಹೋದರೆ ದಿನವಿಡೀ ಇಲ್ಲ. ಇಷ್ಟು ವರ್ಷ ಇದು ಒಂದು ಸಾಮಾನನ್ನೂ ಸುಡಲು ಬಿಟ್ಟಿಲ್ಲ, ಉಳಿದದ್ದರಲ್ಲಿ ಕಂಜೂಸಿ ಮಾಡಿ, ಇದರಲ್ಲಿ ಮಾಡಬೇಡಿ ಎಂದಳು. ಕೊನೆಗೆ ಕಾರ್ಡು. ಸವೆದ ಸ್ಕ್ರೂ, ಸುಟ್ಟ ಮೂಲೆ ತೋರಿಸಿದಳು. ಪೆಟ್ಟಿಗೆಯನ್ನು ಕ್ಯಾಮರಾದ ಹತ್ತಿರ ಹಿಡಿದು ನಂಬರು ಬೇರೆ ಬೇರೆ ಇರುವುದನ್ನು ತೋರಿಸಿದಳು. ಕೊಟ್ಟವರಿಗೂ ಇದು ಗೊತ್ತಿರಲಿಕ್ಕಿಲ್ಲ, ಅವರೂ ಮೋಸ ಹೋದವರು, ಅಂಗಡಿಯವರು ನೋಡಿ ತರಿಸಬೇಕು ಎಂದು ಮುಗಿಸಿದಳು. ಪ್ರವೀತನಿಗೆ ಲಿಂಕು ಕಳಿಸಿ, ಪುರುಸೊತ್ತಾದಾಗ ನೋಡಿ ಎಂದು ಬರೆದಳು.

ನಂಬರು ತೋರಿಸುವಾಗ ಅವಳ ಹೆಬ್ಬೆರಳಿನ ಪಕ್ಕದಲ್ಲೇ ಗಂಧವೂ ಕುಂಕುಮವೂ ಇದ್ದವು. ಅವಳು ನೋಡಿದ್ದು ನಂಬರನ್ನು. ಊರು ನೋಡಿದ್ದು ಕುಂಕುಮವನ್ನು. ನಿಶ್ಚಯಕ್ಕೆ ಬಂದವರೆಲ್ಲರ ಮೊಬೈಲಿನಲ್ಲೂ ಆ ಪೆಟ್ಟಿಗೆಯ ಫೋಟೋ ಇತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯಾರೋ ಒಬ್ಬರು ಕುಟುಂಬದ ಗ್ರೂಪಿಗೆ ಹಾಕಿದರು. ಅಲ್ಲಿಂದ ಇನ್ನೊಂದು ಗ್ರೂಪಿಗೆ, ಅಲ್ಲಿಂದ ಗಂಡಿನ ಮನೆಯ ಗ್ರೂಪಿಗೆ. ಯಾವತ್ತೂ ಅವಳ ವಿಡಿಯೋದ ಕಡೆ ತಿರುಗಿ ನೋಡದ ನೆಂಟರೆಲ್ಲ ಆ ದಿನ ಕಡೆಯವರೆಗೂ ನೋಡಿದರು.

ಪರಮೇಶ್ವರಿ ಬೈಯಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. ಅಡಿಗೆಮನೆಯ ಮೆಟ್ಟಿಲಲ್ಲಿ ಕುಳಿತು ಸೆರಗಿನಿಂದ ಮುಖ ಒರೆಸುತ್ತಲೇ ಇದ್ದರು. ಗಂಡಿನ ಮನೆಯಿಂದ ಬಂದ ಚಿನ್ನವನ್ನು ಯಾರಾದರೂ ಅಕ್ಕಸಾಲಿಗನ ಹತ್ತಿರ ಉಜ್ಜಿ ನೋಡುತ್ತಾರಾ ಎಂದು ಕೇಳಿದರು. ಬಂದದ್ದನ್ನು ತೂಗಬಾರದು, ಅಳೆಯಬಾರದು, ಒಳಗಿಡಬೇಕು. ತಾನು ಬಂದ ದಿನ ತನ್ನ ಅತ್ತೆ ಕೊಟ್ಟ ಬಳೆ ಒಂದು ಕೈಗೆ ದೊಡ್ಡದು, ಒಂದಕ್ಕೆ ಸಣ್ಣದು, ಇವತ್ತಿನವರೆಗೆ ಯಾರಿಗೂ ಹೇಳಿಲ್ಲ ಎಂದರು. ಮೋಕ್ಷಿತಾ ನಂಬರಿನ ವಿಷಯ ವಿವರಿಸಲು ಹೊರಟಳು. ನಿನ್ನ ನಂಬರು ಒಲೆಗೆ ಹಾಕು ಎಂದು ತಾಯಿ ಎದ್ದುಹೋದರು.

ಪ್ರವೀತನ ಫೋನು ಬರಲಿಲ್ಲ. ಬಂದದ್ದು ಹೊನ್ನಯ್ಯ, ಪ್ರವೀತನನ್ನು ಕರೆದುಕೊಂಡು, ಭಾನುವಾರ ಬೆಳಿಗ್ಗೆ. ಚಾವಡಿಯಲ್ಲಿ ಬೆಲ್ಲ ನೀರು ಕೊಟ್ಟರೆ ಮುಟ್ಟಲಿಲ್ಲ. ಅವರು ಕೂಗಾಡುವ ಜಾತಿಯವರಲ್ಲ, ನ್ಯಾಯ ಹೇಳಿ ಅಭ್ಯಾಸವಿದ್ದವರು. ಹುಡುಗಿ ತಿಳಿಯದೆ ತಪ್ಪು ಮಾಡಿದ್ದಾಳೆ, ಸಂಬಂಧ ಮುರಿಯುವ ಮನಸ್ಸು ತಮಗಿಲ್ಲ, ಆದರೆ ಅಂಗಡಿಯ ಹೆಸರು ಹಾಳಾಗಿದೆ, ತರವಾಡಿನ ಮರ್ಯಾದೆ ಹೋಗಿದೆ ಎಂದರು. ವಿಡಿಯೋ ತೆಗೆದುಬಿಡುತ್ತೇವೆ ಎಂದು ಕುಂಞಣ್ಣ ಕೈಮುಗಿದರು. ತೆಗೆದರೆ ಸಾಲದು ಎಂದರು ಹೊನ್ನಯ್ಯ.

"ಆಡಿದ ಬಾಯಿಯೇ ತಿರುಗಿ ಹೇಳಬೇಕು, ಕುಂಞಣ್ಣ. ಕಾರ್ಡು ಸರಿ ಉಂಟು, ನಾನು ಹೇಳಿದ್ದು ತಪ್ಪು ಅಂತ. ಮತ್ತೆ ನಮ್ಮ ದೈವದ ಎದುರು ಒಂದು ತಪ್ಪು ಕಾಣಿಕೆ ಹಾಕಲಿ. ಅಲ್ಲಿಗೆ ನಾವು ಮರೆತೆವು."

ಆಗದಿದ್ದರೆ ಏನು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಮದುವೆಗೆ ಸಭಾಭವನ ಗೊತ್ತುಮಾಡಿಯಾಗಿತ್ತು, ಒಮ್ಮೆ ನಿಶ್ಚಯವಾಗಿ ಮುರಿದ ಹುಡುಗಿಯ ಮನೆಗೆ ಇನ್ನು ಯಾರು ಬಂದಾರು ಎಂಬುದು ಪರಮೇಶ್ವರಿಯ ಮುಖದಲ್ಲೇ ಬರೆದಿತ್ತು.

ಮೋಕ್ಷಿತಾ ಪ್ರವೀತನ ಹತ್ತಿರ ಮಾತಾಡಬೇಕು ಎಂದಳು. ಹಿರಿಯರು ಒಪ್ಪಿದರು. ಅವಳ ಕೋಣೆಗೆ ಬಂದ ಅವನು ಮೊದಲ ದಿನ ನಿಂತಲ್ಲೇ ಬಾಗಿಲಿಗೆ ಒರಗಿ ನಿಂತ. ಮೇಜಿನ ಮೇಲೆ ಕಾರ್ಡು ಬಿಚ್ಚಿದ ಹಾಗೆಯೇ ಇತ್ತು. ಅವನು ಅದರ ಕಡೆ ನೋಡಲಿಲ್ಲ.

"ನಿಮಗೆ ಯಾರು ಇದನ್ನು ಕೊಟ್ಟದ್ದು?" ಎಂದು ಅವಳು ಮೆಲ್ಲಗೆ ಕೇಳಿದಳು. "ಅವರನ್ನು ಹಿಡಿಯಬೇಕಲ್ಲ. ನಾವು ಒಟ್ಟಿಗೆ ಹೇಳುವ."

"ಯಾರು ಕೊಡುವುದು? ಶಾರ್ಜಾದಿಂದ ಹಳತನ್ನು ಲಾಟಿನಲ್ಲಿ, ರಾಶಿಗಟ್ಟಲೆ ತರಿಸಿದ್ದು ನಾನೇ. ತೊಳೆದು, ಗಾಳಿ ಹೊಡೆದು, ಹೊಸ ಪೆಟ್ಟಿಗೆಗೆ ಹಾಕುವುದು. ಈ ಲೈನಿನಲ್ಲಿ ಎಲ್ಲರೂ ಹಾಗೆಯೇ ಮಾಡುವುದು, ಮಾರಾಯ್ತಿ. ನೀನು ಬಿಚ್ಚಿ ನೋಡ್ತಿ ಅಂತ ನನಗೆಂತ ಗೊತ್ತು?"

"ಮೊದಲ ದಿನವೇ ನೋಡಿದ್ರಲ್ಲ. ವಯರಿನ ಕೆಲಸ ಚಂದ ಉಂಟು ಹೇಳಿದ್ರಲ್ಲ."

"ಅದು ಯಾವುದೋ ಅಂಗಡಿಯವ ಮಾಡಿಕೊಟ್ಟದ್ದು ಅಂತ ಎಣಿಸಿದ್ದೆ," ಎಂದ ಪ್ರವೀತ್.

ಮೋಕ್ಷಿತಾಳಿಗೆ ನೋವಾಯಿತು. ಹಳೆಯ ಕಾರ್ಡು ಕೊಟ್ಟದ್ದಕ್ಕೆ ಅಲ್ಲ. ದುಡ್ಡಿಲ್ಲ, ಹಳತು ತಂದಿದ್ದೇನೆ, ಇಬ್ಬರೂ ಸೇರಿ ರಿಪೇರಿ ಮಾಡುವ ಎಂದಿದ್ದರೆ ಅವಳು ಕುಣಿದಾಡಿಬಿಡುತ್ತಿದ್ದಳು. ಅವಳ ಕಣ್ಣಿಗೆ ಅದು ಕಾಣುವುದಿಲ್ಲ ಎಂದು ಲೆಕ್ಕ ಹಾಕಿಯೇ ಹರಿವಾಣದಲ್ಲಿಟ್ಟು ತಂದಿದ್ದ. ಅವಳು ಮನಸ್ಸು ಕೊಟ್ಟ ಆ ಒಂದು ಮಾತೂ ಅವಳಿಗೆ ಹೇಳಿದ್ದಾಗಿರಲಿಲ್ಲ, ಯಾವನೋ ಇಲ್ಲದ ಅಂಗಡಿಯವನಿಗೆ ಹೇಳಿದ್ದು. ಅವಳು ಬಿಚ್ಚಿಟ್ಟ ಕಾರ್ಡಿನ ಕಡೆ ತಿರುಗಿ ತಲೆ ತಗ್ಗಿಸಿದಳು. ಅವನು ಅದನ್ನು ಒಪ್ಪಿಗೆ ಎಂದುಕೊಂಡ. ಇನ್ನು ಮುಂದೆ ಚಂದದ್ದನ್ನೇ ತಂದು ಕೊಡುತ್ತೇನೆ, ಇದೊಂದು ಸರಿಮಾಡಿಬಿಡು ಎಂದು ಅವಳ ಕೈಹಿಡಿದ. ಕೈ ಬೆಚ್ಚಗಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.

ಯಾಕೆ ಬಿಡಿಸಿಕೊಳ್ಳಲಿಲ್ಲ ಎಂದರೆ, ಅವಳಿಗೆ ಅವನು ಬೇಕಾಗಿದ್ದ. ಆ ಮಾತು ಕೇಳಿದ ಮೇಲೂ ಬೇಕಾಗಿದ್ದ. ತಾಯಿಯ ಕಣ್ಣೀರು, ಅಪ್ಪನ ಮುಗಿದ ಕೈ, ಊರಿನ ಬಾಯಿ ಎಂದು ಆಮೇಲೆ ಅವಳು ತನಗೆ ತಾನೇ ನೂರು ಕಾರಣ ಹೇಳಿಕೊಂಡಳು. ಅವೂ ಸುಳ್ಳಲ್ಲ. ಆದರೆ ಒಂಟಿಯಾಗಿ ಇದೇ ಕೋಣೆಯಲ್ಲಿ ಬೇರೆಯವರ ಮದುವೆ ಕಾಗದ ಮಾಡುತ್ತಾ ಮುದುಕಿಯಾಗುವುದನ್ನು ನೆನೆದರೆ ಅವಳಿಗೆ ಭಯವಾಗುತ್ತಿತ್ತು. ಆ ಭಯಕ್ಕೆ ಅವಳು ಹೂಂ ಎಂದಳು.

ಮೊದಲು ಕಾಣಿಕೆಯಾಯಿತು. ಗಂಡಿನವರ ತರವಾಡಿನಲ್ಲಿ ದೈವದ ಎದುರು ನಿಲ್ಲಿಸಿ, ಹೊನ್ನಯ್ಯ ಅವಳ ಪರವಾಗಿ ಅರಿಕೆ ಮಾಡಿದರು: ತಿಳಿಯದೆ ಆಡಿದ ಮಾತು, ಹೊಟ್ಟೆಗೆ ಹಾಕಿಕೊಳ್ಳಬೇಕು. ಪ್ರವೀತ್ ಪಕ್ಕದಲ್ಲೇ ಭಕ್ತಿಯಿಂದ ಕೈಮುಗಿದು ನಿಂತಿದ್ದ. ಹಣ ಹುಂಡಿಗೆ ಹಾಕುವಾಗ ಇದು ಯಾರ ತಪ್ಪಿನದ್ದು ಎಂದು ಅವಳಿಗೆ ಕೇಳಬೇಕೆನಿಸಿತು. ದೈವವೂ ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಆಮೇಲೆ ವಿಡಿಯೋ. ಅದನ್ನು ಮಾಡುವುದು ಕಷ್ಟವಾಯಿತು. ಕಾರ್ಡು ಸರಿಯಿದೆ ಎಂದರೆ ಪರದೆ ಕಪ್ಪಾದದ್ದು ಯಾಕೆ ಎಂದು ಹೇಳಬೇಕಲ್ಲ; ನೋಡುವವರು ದಡ್ಡರಲ್ಲ, ಅವಳೇ ಅವರನ್ನು ದಡ್ಡರಾಗಿ ಉಳಿಯಲು ಬಿಟ್ಟಿರಲಿಲ್ಲ. ತಪ್ಪನ್ನು ಯಾವುದರ ತಲೆಗಾದರೂ ಕಟ್ಟಬೇಕಿತ್ತು. ಯೋಚಿಸಿ ಎಸ್‌ಎಂಪಿಎಸ್‌ನ ತಲೆಗೆ ಕಟ್ಟಿದಳು. ಇಷ್ಟು ವರ್ಷ ಅವಳ ಅನ್ನ ಕಾಯ್ದ ಸಾಮಾನು ಅದು. ಅದನ್ನು ಕ್ಯಾಮರಾದ ಎದುರು ಹಿಡಿದು, ಇದರ ಕರೆಂಟು ಸ್ಥಿರವಿಲ್ಲ, ಮೊದಲು ಹೊಗಳಿದ್ದು ನನ್ನ ತಪ್ಪು, ಯಾರಾದರೂ ಇದನ್ನು ಹಾಕಿಕೊಂಡಿದ್ದರೆ ಬದಲಿಸಿ ಎಂದಳು. ಕಾರ್ಡು ಹೊಸತೇ, ಸ್ಕ್ರೂ ಸವೆದದ್ದು ನಾನು ಬಿಚ್ಚಿದ್ದರಿಂದ, ನಂಬರು ಬೇರೆಯಾದದ್ದು ಪೆಟ್ಟಿಗೆ ಅದಲುಬದಲಾಗಿ ಎಂದಳು. ಚಾವಡಿಯಿಂದ ಕೇಳುತ್ತಿದ್ದ ಪರಮೇಶ್ವರಿ ಈಗ ಮಾತು ಎಷ್ಟು ಚಂದ ಬಂತು ಎಂದರು.

ವಿಡಿಯೋದ ಕೆಳಗೆ ಬರೆದವರೂ ಹೊಗಳಿದರು. ತಪ್ಪು ಒಪ್ಪಿಕೊಳ್ಳುವ ಇಂಥವರು ಅಪರೂಪ ಎಂದು ಒಬ್ಬ. ಇದಕ್ಕೇ ನಿಮ್ಮ ಚಾನೆಲ್ ನೋಡುವುದು ಎಂದು ಇನ್ನೊಬ್ಬ. ಅವಳು ಅದನ್ನೆಲ್ಲ ಓದಲಾರದೆ ಮೊಬೈಲು ಮಗುಚಿ ಇಟ್ಟಳು. ಮದುವೆಯ ತಯಾರಿ ಪುನಃ ಶುರುವಾಯಿತು. ಪ್ರವೀತನ ಫೋನೂ ಬರತೊಡಗಿತು. ಚೆನ್ನಾಗಿಯೇ ಮಾತಾಡುತ್ತಿದ್ದ. ಒಂದು ದಿನ ಅವನ ಸ್ಟೇಟಸ್ಸಿನಲ್ಲಿ ತನ್ನದೇ ಕೈ, ತನ್ನದೇ ಸ್ವರ ಕಂಡಳು: "ಕಾರ್ಡು ಹೊಸತೇ" ಎಂಬ ತುಂಡನ್ನು ಮಾತ್ರ ಕತ್ತರಿಸಿ, ಕೆಳಗೆ ಅಂಗಡಿಯ ವಿಳಾಸ ಹಾಕಿದ್ದ. ಕೇಳಿದ್ದಕ್ಕೆ ನಮ್ಮದೇ ಅಂಗಡಿಯಲ್ಲವಾ ಎಂದು ನಕ್ಕ.

ಮದುವೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ಸೀತಾಂಗೋಳಿಯಲ್ಲಿ ಬಸ್ಸಿಳಿದು, ಕಂಪ್ಯೂಟರ್ ವಿಡಿಯೋ ಮಾಡುವವಳ ಮನೆ ಎಲ್ಲಿ ಎಂದು ಕೇಳಿಕೊಂಡು ಕೇಳಿಕೊಂಡು ಒಬ್ಬಳು ಹೆಂಗಸು ಮನೆಗೆ ಬಂದಳು. ಮೋಕ್ಷಿತಾಳಿಗಿಂತ ಸಣ್ಣ ಪ್ರಾಯ, ಬೆವರಿದ ಮುಖ, ಎದೆಗೆ ಅಪ್ಪಿಕೊಂಡ ಒಂದು ಚೀಲ. ಸ್ವರ ಕೇಳಿ ನೀವೇ ಎಂದು ಗೊತ್ತಾಯಿತು, ನಾನು ಪೆರ್ಲದ ನಮಿತಾ ಎಂದಳು. ಮೋಕ್ಷಿತಾಳಿಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಒಳಗೆ ಕೂರಿಸಿ ನೀರು ಕೊಟ್ಟಳು. ನಮಿತಾ ನೀರು ಕುಡಿಯುವ ಮೊದಲು ಬಿಚ್ಚಿಟ್ಟ ಪೆಟ್ಟಿಗೆಯ ಹತ್ತಿರ ಹೋಗಿ, ಗುಡಿಗೆ ಬಂದವಳಂತೆ ನಿಂತು ನೋಡಿದಳು. ವಯರು ಕಟ್ಟಿದ್ದು ನೀವೇ ಅಲ್ವಾ, ನಾನು ಇದೇ ತರ ಕಟ್ಟಲು ನೋಡಿದೆ, ಇಷ್ಟು ಚಂದ ಬರಲಿಲ್ಲ ಎಂದಳು.

ಚೀಲದಿಂದ ಅವಳು ತೆಗೆದದ್ದು ಕಾರ್ಡು. ಎರಡನೇ ವಿಡಿಯೋ ನೋಡಿದ ಮೇಲೆ ಮೊದಲು ತನ್ನ ಎಸ್‌ಎಂಪಿಎಸ್ ತೆಗೆದು ಗುಜರಿಗೆ ಹಾಕಿದಳಂತೆ. ಅದು ಮೋಕ್ಷಿತಾ ಹೇಳಿದ್ದಕ್ಕೆ ತೆಗೆದುಕೊಂಡಿದ್ದ ಅದೇ ಮಾದರಿಯದ್ದು. ಮತ್ತೆ, ಪ್ರವೀತನ ಸ್ಟೇಟಸ್ಸಿನ ಆ ತುಂಡು ಗ್ರೂಪುಗಳಲ್ಲಿ ಹರಿದುಬಂದಾಗ ಕಂಡ ವಿಳಾಸ ಹಿಡಿದು, ಕುಂಬಳೆಯ ಆ ಅಂಗಡಿಗೆ ಹೋಗಿ ಬೇರೊಂದು ಎಸ್‌ಎಂಪಿಎಸ್, ಜೊತೆಗೆ ಈ ಕಾರ್ಡು ತಂದು ಹಾಕಿದಳು. ಒಂದು ಮದುವೆಯ ಆಲ್ಬಂ ಮಾಡುತ್ತಿರುವಾಗ ಪರದೆ ಕಪ್ಪಾಯಿತು. ಅಂಗಡಿಯವರು ನಿಮ್ಮ ಮನೆಯ ಕರೆಂಟು ಸರಿಯಿಲ್ಲ ಎಂದರು. ತಾನು ಹಾಕುವುದರಲ್ಲಿ ಏನು ತಪ್ಪು ಮಾಡಿದ್ದೇನೆ ಎಂದು ಕೇಳಲು ಬಂದಿದ್ದಳು. ಅವಳಿಗೆ ಬೇರೆ ಯಾವ ಸಂಶಯವೂ ಇರಲಿಲ್ಲ.

ಮೋಕ್ಷಿತಾ ಕಾರ್ಡನ್ನು ಬೆಳಕಿಗೆ ಹಿಡಿದಳು. ಬಿಚ್ಚುವ ಅಗತ್ಯವೇ ಇರಲಿಲ್ಲ, ಆದರೂ ಬಿಚ್ಚಿದಳು. ಅದೇ ಎಣ್ಣೆ, ಅದೇ ಸುಟ್ಟ ಮೂಲೆ. ಒಳಗೆ ಅಡಿಗೆಮನೆಯಲ್ಲಿ ಪರಮೇಶ್ವರಿ ಯಾರನ್ನೋ ಫೋನಿನಲ್ಲಿ ಮದುವೆಗೆ ಕರೆಯುತ್ತಿದ್ದರು. ನೀನು ಹಾಕ್ಲಿಕ್ಕೆ ತಪ್ಪಿದ್ದು ಎಂದರೆ ಈ ಹುಡುಗಿ ನಂಬಿ, ತನ್ನನ್ನೇ ಬೈದುಕೊಂಡು, ಬಂದ ದಾರಿಗೆ ಬಸ್ಸು ಹತ್ತುತ್ತಾಳೆ. ಆ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು.

"ನಿನ್ನದು ತಪ್ಪೆಂತ ಇಲ್ಲ," ಎಂದಳು. "ಇದು ಹಳತು. ಸತ್ತ ಕಾರ್ಡು."

ನಮಿತಾ ಅವಳ ಮುಖವನ್ನೇ ನೋಡಿದಳು. "ಅಕ್ಕ, ನಿಮ್ಮದು?"

"ನನ್ನದೂ."

"ಹಾಗಾದ್ರೆ ಎರಡನೇ ವಿಡಿಯೋ ಎಂತದ್ದು?"

"ಸುಳ್ಳು. ಎಸ್‌ಎಂಪಿಎಸ್‌ದೂ ಸುಳ್ಳು. ಆ ಅಂಗಡಿಯವರನ್ನೇ ನಾನು ಮದುವೆ ಆಗುವುದು."

ಇದನ್ನು ಇನ್ನೊಂದು ವಿಡಿಯೋದಲ್ಲಿ ಹೇಳುತ್ತೀರಾ ಎಂದು ನಮಿತಾ ಕೇಳಿದಳು. ಮೋಕ್ಷಿತಾ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ಕಾರ್ಡನ್ನು ಮುಚ್ಚತೊಡಗಿದಳು. ಅದು ಉತ್ತರವೆಂದು ನಮಿತಾಳಿಗೆ ಅರ್ಥವಾಯಿತು. ಅವಳು ರೇಗಲಿಲ್ಲ. ಕಾರ್ಡನ್ನು ತೆಗೆದುಕೊಂಡು ಚೀಲಕ್ಕೆ ಹಾಕಿ ಎದ್ದು ನಿಂತಳು. ಚಹಾ ಕುಡಿದು ಹೋಗು ಎಂದದ್ದು ಕೇಳಿಸದವಳಂತೆ ಬಾಗಿಲವರೆಗೆ ಹೋಗಿ, ಅಲ್ಲಿ ತಿರುಗಿದಳು.

"ಒಂದೊಂದು ಸಾಮಾನೂ ನಿಮ್ಮ ಮಾತು ಕೇಳಿಯೇ ತೆಗೊಂಡದ್ದು ನಾನು," ಎಂದಳು. "ಮನೆಗೆ ಹೋಗಿ ಇನ್ನು ಎಲ್ಲವನ್ನೂ ಬಿಚ್ಚಿ ನೋಡಬೇಕಷ್ಟೆ."

ಬೇಡ, ಉಳಿದದ್ದೆಲ್ಲ ಸರಿಯಾಗಿಯೇ ಉಂಟು, ಅದರಲ್ಲಿ ಒಂದೇ ಒಂದು ಸುಳ್ಳು ಹೇಳಿಲ್ಲ ಎಂದು ಹೇಳಲು ಮೋಕ್ಷಿತಾ ಅಂಗಳದವರೆಗೆ ಓಡಿದಳು. ನಮಿತಾ ಆಗಲೇ ರಸ್ತೆ ದಾಟಿ ನಿಂತಿದ್ದಳು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ. ಕೂಗಿ ಏನು ಹೇಳುವುದು? ಹೇಳಿದರೂ ಅದು ಒಮ್ಮೆ ಸುಳ್ಳು ಹೇಳಿದ ತನ್ನದೇ ಮಾತು ತಾನೆ. ಒಳಗಿನಿಂದ ಪರಮೇಶ್ವರಿ ಬಂದವಳು ಯಾರು ಎಂದು ಕೇಳಿದರು. ಗುರುತಿಲ್ಲ ಎಂದು ಹೇಳಿ ಮೋಕ್ಷಿತಾ ಬಾಗಿಲು ಎಳೆದುಕೊಂಡಳು.